ಮನೆ ಬಿಟ್ಟವರ ಬಾಡಿಗೆ: ಆಕ್ಷೇಪಗಳಿಗೆ ಉತ್ತರ

ಮನೆಗೆ ವಿಮೆ ಮಾಡಿಸುವವರು ಗೋಡೆ, ಚಾವಣಿ, ಸಾಮಾನುಗಳ ಜೊತೆಗೆ ಬದಲಿ ವಸತಿಯ ಬಾಡಿಗೆಯನ್ನೂ ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದೇನೆ. ಬೆಂಕಿಯೋ ನೆರೆಯೋ ಗುಡ್ಡ ಕುಸಿತವೋ ಬಂದು ಮನೆ ವಾಸಕ್ಕೆ ಆಗದಂತಾದರೆ, ಅದು ರಿಪೇರಿಯಾಗುವವರೆಗೆ ಸಂಸಾರ ಬೇರೆಲ್ಲಾದರೂ ಇರಲೇಬೇಕು. ಆ ಬಾಡಿಗೆಯನ್ನು ವಿಮೆಯಿಂದ ಪಡೆಯುವ ದಾರಿ ನಮ್ಮ ದೇಶದಲ್ಲೇ ಇದೆ. ಇದ್ದರೂ ಅದನ್ನು ಬಳಸುವವರು ಕಡಿಮೆ, ಬೇಡ ಎನ್ನುವವರು ಹೆಚ್ಚು. ಬೇಡ ಎನ್ನುವವರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳಿದ್ದಾರೆ, ನಾನು ಗೌರವಿಸುವ ಹಿರಿಯರೂ ಇದ್ದಾರೆ. ಅವರ ಮಾತುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ತಪ್ಪು. ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ವಿಷಯ ಏನೆಂದು ಹೇಳಿಬಿಡುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಗೃಹ ವಿಮೆಯನ್ನು ಜಾರಿಗೆ ತಂದಿತು. ಅದಕ್ಕೆ ಮುಂಚೆ ಮನೆಗೂ ಗೋದಾಮಿಗೂ ಒಂದೇ ಅಗ್ನಿ ವಿಮೆಯ ಪಾಲಿಸಿ ಇತ್ತು. ಬದಲಿ ವಸತಿಯ ಬಾಡಿಗೆ ಬೇಕಿದ್ದವರು ಹೆಚ್ಚುವರಿ ಕವರ್ ಎಂದು ಕೇಳಿ, ಬೇರೆ ದುಡ್ಡು ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಗೃಹ ರಕ್ಷಾದಲ್ಲಿ ಅದು ಕಟ್ಟಡದ ವಿಮೆಯ ಒಳಗೇ ಬಂದಿದೆ. ಸ್ವಂತ ಮನೆಯಲ್ಲಿದ್ದವರಿಗೆ ಅದೇ ಮಟ್ಟದ ಬದಲಿ ಮನೆಯ ಬಾಡಿಗೆ. ಬಾಡಿಗೆಗೆ ಇದ್ದವರಿಗೆ ಹಳೆಯ ಬಾಡಿಗೆಗೂ ಹೊಸ ಬಾಡಿಗೆಗೂ ಇರುವ ವ್ಯತ್ಯಾಸ. ಮನೆ ಬಾಡಿಗೆಗೆ ಕೊಟ್ಟವರಿಗೆ ಕೈತಪ್ಪಿದ ಬಾಡಿಗೆ. ರಿಪೇರಿಗೆ ನ್ಯಾಯವಾಗಿ ಬೇಕಾಗುವಷ್ಟು ಕಾಲ, ಹೆಚ್ಚೆಂದರೆ ಮೂರು ವರ್ಷದವರೆಗೆ ಇದು ಸಿಗುತ್ತದೆ. ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಆರ್ಕಿಟೆಕ್ಟ್ ಅಥವಾ ಸ್ಥಳೀಯ ಸಂಸ್ಥೆಯ ಪ್ರಮಾಣಪತ್ರ ಬೇಕು. ಈ ಕೊನೆಯ ಶರತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ದೊಡ್ಡ ವಿಷಯವಾಗುತ್ತದೆ.

"ನಮ್ಮಲ್ಲಿ ನೆಂಟರಿಷ್ಟರಿಲ್ಲವೆ? ಕಷ್ಟ ಬಂದಾಗ ಅಣ್ಣನ ಮನೆಯೋ ಮಾವನ ಮನೆಯೋ ಇದ್ದೇ ಇರುತ್ತದೆ. ಬಾಡಿಗೆಗೆ ವಿಮೆ ಮಾಡಿಸುವುದು ಪರದೇಶದವರ ಪದ್ಧತಿ." ಅತಿ ಹೆಚ್ಚು ಸಲ ಕೇಳಿದ ಆಕ್ಷೇಪ ಇದು. ಇದನ್ನು ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ನೆಂಟರು ಆಗುತ್ತಾರೆ ಎಂಬುದನ್ನು ನಾನೂ ಒಪ್ಪುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಗುಡ್ಡಗಳು ಕುಸಿದಾಗ ಪರಿಹಾರ ಕೇಂದ್ರಗಳಿಗೆ ಹೋದವರಂತೆಯೇ ನೆಂಟರ ಮನೆಗಳಿಗೆ ಹೋದವರೂ ಇದ್ದರು. ಮೊದಲ ವಾರ ಯಾರ ಮನೆಯ ಬಾಗಿಲೂ ಮುಚ್ಚಿರುವುದಿಲ್ಲ.

ಆದರೆ ಮನೆ ಒಂದು ವಾರದಲ್ಲಿ ಎದ್ದು ನಿಲ್ಲುವುದಿಲ್ಲ. ಅದೇ ಕೊಡಗಿನಲ್ಲಿ ಸರ್ಕಾರ ಕಟ್ಟಿಸಿದ ಜಂಬೂರು, ಮದೆನಾಡಿನ ಮನೆಗಳು ಸಂತ್ರಸ್ತರ ಕೈಸೇರಿದ್ದು 2020ರ ಜೂನ್‌ನಲ್ಲಿ, ಅಂದರೆ ದುರಂತ ನಡೆದು ಎರಡು ವರ್ಷಕ್ಕೆ ಸ್ವಲ್ಪವೇ ಕಡಿಮೆ. ಸ್ವಂತ ದುಡ್ಡಿನಿಂದ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರಿಗೂ ನಕ್ಷೆ, ಪರವಾನಗಿ, ಗಾರೆ ಕೆಲಸದವರು, ಮಳೆಗಾಲ ಎಂದು ವರ್ಷ ಹಿಡಿಯುತ್ತದೆ. ಬೆಂಕಿಯಿಂದ ಹಾಳಾದ ಒಂದು ಫ್ಲ್ಯಾಟಿನ ವೈರಿಂಗ್, ಪ್ಲಾಸ್ಟರ್, ನೆಲ, ಬಾಗಿಲು, ಕಿಟಕಿಗೇ ನಾಲ್ಕಾರು ತಿಂಗಳು ಬೇಕು. ಅಷ್ಟು ಕಾಲ ಅತ್ತೆ, ಮಾವ, ಎರಡು ಮಕ್ಕಳು, ಒಂದು ಹಾಸಿಗೆ ಹಿಡಿದ ಅಜ್ಜಿಯ ಸಂಸಾರವನ್ನು ಎರಡು ಕೋಣೆಯ ತಮ್ಮನ ಮನೆಯಲ್ಲಿ ಕೂರಿಸುವುದು ತಮ್ಮನ ಹೆಂಡತಿಗೆ ನ್ಯಾಯವೆ? ಮಕ್ಕಳ ಸ್ಕೂಲು ಊರಿನ ಆ ತುದಿಯಲ್ಲಿರುತ್ತದೆ. ಬೆಳಿಗ್ಗೆ ಆರರಿಂದ ಬಚ್ಚಲುಮನೆಗೆ ಸರದಿ. ನೆಂಟಸ್ತಿಕೆ ಕೆಡುವುದು ಇಂಥಲ್ಲಿಯೇ, ಅದೂ ಯಾರ ತಪ್ಪೂ ಇಲ್ಲದೆ. ನೆಂಟರ ಪ್ರೀತಿ ಮೊದಲ ವಾರಕ್ಕೆ ಸಾಲುತ್ತದೆ. ಆಮೇಲಿನ ತಿಂಗಳುಗಳಿಗೆ ಬಾಡಿಗೆ ಮನೆಯೇ ಆ ಪ್ರೀತಿಯನ್ನು ಉಳಿಸುತ್ತದೆ.

ಇನ್ನೊಂದು ಅಂಶವನ್ನೂ ಮರೆಯಬಾರದು. ಗುಡ್ಡ ಕುಸಿದರೆ, ಹೊಳೆ ಉಕ್ಕಿದರೆ ಒಂದೇ ಊರಿನ ನೆಂಟರು ಒಟ್ಟಿಗೇ ಮನೆ ಕಳೆದುಕೊಳ್ಳುತ್ತಾರೆ. ಪಕ್ಕದ ಮನೆಯ ಅಣ್ಣನೂ ನಿಮ್ಮ ಜೊತೆಗೇ ಗಂಜಿ ಕೇಂದ್ರದಲ್ಲಿರುತ್ತಾನೆ.

ಮುಂದಿನದು ಸರ್ಕಾರದ ಮೇಲಿನ ಭರವಸೆ. "ಅನಾಹುತವಾದರೆ ಸರ್ಕಾರ ಪರಿಹಾರ ಕೊಡುತ್ತದೆ, ಬಾಡಿಗೆಯನ್ನೂ ಕೊಡುತ್ತದೆ." ಕೊಟ್ಟದ್ದುಂಟು, ಅದನ್ನು ನಾನು ಕಡೆಗಣಿಸುವುದಿಲ್ಲ. ಕೊಡಗಿನ ಸಂತ್ರಸ್ತ ಕುಟುಂಬಗಳಿಗೆ ಮನೆ ಸಿಗುವವರೆಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಡುವ ಏರ್ಪಾಡಾಯಿತು. 2023ರಲ್ಲಿ ಉತ್ತರಾಖಂಡದ ಜೋಶಿಮಠದ ಮನೆಗಳು ಬಿರುಕು ಬಿಟ್ಟಾಗ ಅಲ್ಲಿನ ಸರ್ಕಾರ ಆರು ತಿಂಗಳು ತಿಂಗಳಿಗೆ 4,000 ರೂಪಾಯಿ ಘೋಷಿಸಿತು. 2024ರ ಜುಲೈನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದ ಮೇಲೆ ಕೇರಳ ಸರ್ಕಾರ 6,000 ರೂಪಾಯಿಯಂತೆ ಕೊಟ್ಟಿತು. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾಲ್ಕು, ಆರು, ಹತ್ತು ಸಾವಿರ. ಯಾವ ಕಾಯಂ ನಿಯಮವೂ ಹೀಗಿಷ್ಟು ಎಂದು ಗೊತ್ತುಮಾಡಿಲ್ಲ. ಆಯಾ ಸರ್ಕಾರ ಆಯಾ ಹೊತ್ತಿನಲ್ಲಿ ತೀರ್ಮಾನಿಸಿದ್ದು. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂಪಾಯಿ. 2019ರ ನೆರೆಯಲ್ಲಿ ನಮ್ಮ ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಮಾಡಿತು. ದೊಡ್ಡ ಕೆಲಸವೇ ಸರಿ. ಆದರೆ ಆ ಹಣ ಒಂದೇ ಸಲ ಬರುವುದಿಲ್ಲ. ತಳಪಾಯ ಆಯಿತೇ, ಗೋಡೆ ಎದ್ದಿತೇ ಎಂದು ಫೋಟೊ ತೆಗೆದು ದಾಖಲಿಸಿದ ಹಾಗೆ ಕಂತುಗಳಲ್ಲಿ ಬರುತ್ತದೆ. ಕಂತು ತಡವಾದಷ್ಟೂ ಬಾಡಿಗೆ ಮನೆಯ ವಾಸ ಉದ್ದವಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು: ಈ ಪರಿಹಾರಗಳೆಲ್ಲ ಸಾವಿರಾರು ಜನಕ್ಕೆ ಒಟ್ಟಿಗೆ ಬಂದ ವಿಪತ್ತಿಗೆ. ನಿಮ್ಮ ಒಬ್ಬರ ಮನೆಯಲ್ಲಿ ಫ್ರಿಜ್ಜಿನ ಹಿಂದೆ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿದರೆ ಯಾವ ಮಂತ್ರಿಯೂ ಬಾಡಿಗೆ ಘೋಷಿಸುವುದಿಲ್ಲ. ಗ್ಯಾಸ್ ಸಿಲಿಂಡರ್‌ಗೆ ವಿಮೆ ಇದೆಯಲ್ಲ ಎಂದು ಯಾರೋ ನೆನಪಿಸಿದರು. ತೈಲ ಕಂಪನಿಗಳು ಮಾಡಿಸಿರುವ ಹೊಣೆಗಾರಿಕೆ ವಿಮೆ ಅದು. ಆಸ್ತಿ ಹಾನಿಗೆ ಅದರ ಮಿತಿ 2 ಲಕ್ಷ ರೂಪಾಯಿ. ಅಡುಗೆಮನೆ ಒಂದನ್ನು ಸರಿಪಡಿಸುವುದರಲ್ಲೇ ಆ ದುಡ್ಡು ಮುಗಿಯುತ್ತದೆ.

"ಗೃಹಸಾಲ ಕೊಡುವಾಗ ಬ್ಯಾಂಕೇ ವಿಮೆ ಮಾಡಿಸಿದೆ, ಮತ್ತೊಂದು ಯಾಕೆ?" ಈ ಮಾತು ಕೇಳಿದಾಗ ನಾನು ಕೇಳುವುದು ಒಂದೇ: ಆ ಪಾಲಿಸಿಯನ್ನು ತೆಗೆದು ನೋಡಿದ್ದೀರಾ? ಎಷ್ಟೋ ಜನ ಮನೆಯ ವಿಮೆ ಎಂದು ನಂಬಿರುವುದು ಸಾಲಗಾರನ ಜೀವವಿಮೆ. ಸಾಲ ತೆಗೆದುಕೊಂಡವರು ತೀರಿಕೊಂಡರೆ ಬಾಕಿ ತೀರಿಸುತ್ತದೆ. ಮನೆ ಸುಟ್ಟರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಜವಾಗಿಯೂ ಕಟ್ಟಡದ ವಿಮೆಯೇ ಆಗಿದ್ದರೆ ಅದು ಸಾಲದ ಮೊತ್ತಕ್ಕಷ್ಟೇ ಇದೆಯೇ, ಮನೆಯನ್ನು ಮತ್ತೆ ಕಟ್ಟುವ ಖರ್ಚಿಗೆ ಇದೆಯೇ ನೋಡಿ. ಬ್ಯಾಂಕಿನ ಹೆಸರು ಅದರಲ್ಲಿದ್ದರೆ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕ್ ತನ್ನ ಸಾಲದ ಭದ್ರತೆ ನೋಡಿಕೊಂಡಿದೆ, ಅದರಲ್ಲಿ ತಪ್ಪಿಲ್ಲ. ನಿಮ್ಮ ಸಂಸಾರ ಆ ಆರು ತಿಂಗಳು ಎಲ್ಲಿರಬೇಕು ಎಂಬುದನ್ನು ನೋಡಿಕೊಳ್ಳಬೇಕಾದವರು ನೀವು.

ಸಾಲವಿದ್ದವರಿಗೇ ಈ ಕವರ್ ಎಲ್ಲರಿಗಿಂತ ಹೆಚ್ಚು ಬೇಕು ಎಂಬುದು ನನ್ನ ವಾದದ ತಿರುಳು. ಬಾಡಿಗೆಗೆ ಇದ್ದವನ ಮನೆ ಹಾಳಾದರೆ ಅವನ ಹಳೆಯ ಬಾಡಿಗೆ ನಿಲ್ಲುತ್ತದೆ, ಹೊಸದು ಶುರುವಾಗುತ್ತದೆ. ಸಾಲದ ಮನೆಯವನಿಗೆ ಹಳೆಯದು ನಿಲ್ಲುವುದೇ ಇಲ್ಲ. ಮನೆ ಸುಟ್ಟಿದೆ ಎಂದು ಇಎಂಐ ಕಡಿತ ನಿಲ್ಲುವುದಿಲ್ಲ. ಉದಾಹರಣೆಗೆ ತಿಂಗಳ ಕಂತು 35,000, ಬದಲಿ ಮನೆಯ ಬಾಡಿಗೆ 22,000 ಎಂದಿಟ್ಟುಕೊಳ್ಳಿ. ತಿಂಗಳಿಗೆ 57,000 ಹೋಯಿತು. ಎಂಟು ತಿಂಗಳಾದರೆ ಬಾಡಿಗೆಯೇ 1,76,000. ಇದರ ಮೇಲೆ ಬೆಂಗಳೂರಿನಲ್ಲಿ ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಬೇರೆ. ಅದು ವಾಪಸ್ ಬರುವ ಹಣವಾದ್ದರಿಂದ ವಿಮೆ ಅದನ್ನು ಕೊಡುವುದಿಲ್ಲ, ಕೈಯಿಂದಲೇ ಹೊಂದಿಸಬೇಕು. ಎರಡು ಕಂತು ತಪ್ಪಿದರೆ ಬ್ಯಾಂಕಿನ ಫೋನ್ ಬರುತ್ತದೆ, ಸಿಬಿಲ್ ಸ್ಕೋರ್ ಇಳಿಯುತ್ತದೆ. ಮನೆಯ ಗೋಡೆಗೆ ಪೂರ್ತಿ ಪರಿಹಾರ ಬಂದರೂ ನಡುವಿನ ಈ ತಿಂಗಳುಗಳಲ್ಲಿ ಸಂಸಾರ ಸಾಲದ ಸುಳಿಗೆ ಬೀಳುತ್ತದೆ. ಚಿನ್ನ ಅಡವಿಡುವುದು ಈ ಹೊತ್ತಿನಲ್ಲಿಯೇ.

ಅಪಾರ್ಟ್‌ಮೆಂಟ್ ಸಂಘದವರ ಆಕ್ಷೇಪ ಬೇರೆ ಬಗೆಯದು. "ಇಡೀ ಕಟ್ಟಡಕ್ಕೆ ಸಂಘ ವಿಮೆ ಮಾಡಿಸಿದೆ. ಸದಸ್ಯರು ಪ್ರತ್ಯೇಕವಾಗಿ ಮಾಡಿಸಿದರೆ ಒಂದೇ ಗೋಡೆಗೆ ಎರಡು ಸಲ ದುಡ್ಡು ಕಟ್ಟಿದಂತೆ." ಕಟ್ಟಡದ ಮಟ್ಟಿಗೆ ಇದು ಯೋಚಿಸಬೇಕಾದ ಮಾತೇ. ಒಂದೇ ಗೋಡೆಗೆ ಎರಡು ಕಡೆಯಿಂದ ಪರಿಹಾರ ಸಿಗುವುದಿಲ್ಲ. ಆದರೆ ನಿಮ್ಮ ಬದಲಿ ವಾಸದ ಬಾಡಿಗೆ ಸಂಘದ ನಷ್ಟವಲ್ಲ, ನಿಮ್ಮ ನಷ್ಟ. ಸಂಘದ ಪಾಲಿಸಿಯಲ್ಲಿ ಅದನ್ನು ಬಿಡಿಯಾಗಿ ಬರೆಸದಿದ್ದರೆ ಅದು ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಸಂಘದ ವಿಮೆಯ ಜೊತೆಗೆ ತನ್ನ ಫ್ಲ್ಯಾಟಿಗೆ ವಿಮೆ ಮಾಡಿಸಿಕೊಳ್ಳುವ ಮಾಲೀಕನ ಹಕ್ಕನ್ನು ಉಳಿಸಿಕೊಟ್ಟಿದೆ. ಸಂಘದ ಮುಂದಿನ ಸಭೆಯಲ್ಲಿ ಪಾಲಿಸಿಯ ಷೆಡ್ಯೂಲ್ ಪ್ರತಿಯನ್ನು ಕೇಳಿ ಪಡೆಯಿರಿ. ಬಾಡಿಗೆ ಎಂಬ ಸಾಲು ಇದೆಯೇ, ಅದರ ಮುಂದೆ ಮೊತ್ತ ಬರೆದಿದೆಯೇ, ಎಷ್ಟು ತಿಂಗಳಿಗೆ ಎಂದಿದೆಯೇ, ಇಷ್ಟು ನೋಡಿದರೆ ಚರ್ಚೆಯೇ ಬೇಕಾಗುವುದಿಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. "ವಿಮೆ ಕಂಪನಿಗಳು ದುಡ್ಡು ತೆಗೆದುಕೊಳ್ಳುವಾಗ ಇರುವ ಮುಖ ಕೊಡುವಾಗ ಇರುವುದಿಲ್ಲ. ಗೋಡೆಗೇ ಸರಿಯಾಗಿ ಕೊಡದವರು ಬಾಡಿಗೆ ಕೊಡುತ್ತಾರೆಯೇ?" ಈ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಸರ್ವೇಯರ್ ಆಗಿ ಕೆಲಸ ಮಾಡಿದವನಾದ್ದರಿಂದ ಎರಡೂ ಕಡೆ ನಿಂತು ನೋಡಿದ್ದೇನೆ. ಬಾಡಿಗೆಯ ಕ್ಲೇಮು ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಒಂದು ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ.

ಬೆಂಗಳೂರಿನ ಒಂದು ಬಡಾವಣೆಯ ಮೊದಲ ಮಹಡಿಯ ಮನೆ. ಇನ್ವರ್ಟರ್ ಇಟ್ಟಿದ್ದ ಮೂಲೆಯಲ್ಲಿ ರಾತ್ರಿ ಬೆಂಕಿ ಹತ್ತಿತು. ಉರಿದದ್ದು ಒಂದು ಕೋಣೆ ಮಾತ್ರ, ಹೊಗೆ ಹೋದದ್ದು ಇಡೀ ಮನೆಗೆ. ಆ ಕೋಣೆಯ ಚಾವಣಿಯ ಪ್ಲಾಸ್ಟರ್ ಉದುರಿ ಕಂಬಿ ಕಾಣುತ್ತಿತ್ತು. ಉಳಿದ ಕೋಣೆಗಳಲ್ಲಿ ಗೋಡೆ ನೆಟ್ಟಗೇ ಇತ್ತು, ಆದರೆ ಬೆರಳಿಟ್ಟಲ್ಲೆಲ್ಲ ಎಣ್ಣೆಜಿಡ್ಡಿನಂಥ ಮಸಿ. ಅಡುಗೆಮನೆಯಲ್ಲಿ ಗಟ್ಟಿಯಾಗಿ ಮುಚ್ಚಿಟ್ಟ ಡಬ್ಬಿಗಳ ಮುಚ್ಚಳ ತೆಗೆದರೂ ಬೇಳೆಯ ಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಯೊಳಗಿನ ಪೈಪಿನಲ್ಲಿ ವೈರು ಕರಗಿ ಅಂಟಿಕೊಂಡಿದ್ದರಿಂದ ಒಂದು ಸ್ವಿಚ್ಚನ್ನೂ ಹಾಕುವಂತಿರಲಿಲ್ಲ. ಮನೆಯಲ್ಲಿ ಉಬ್ಬಸ ಇದ್ದ ಹಿರಿಯ ಹೆಂಗಸೊಬ್ಬರಿದ್ದರು. ಆ ಮನೆಯವರು ಮಾರನೆಯ ದಿನವೇ ಬೇರೆ ಕಡೆ ಹೋದರು, ಹೋಗದೆ ವಿಧಿಯಿರಲಿಲ್ಲ.

ಕಂಪನಿ ಕಟ್ಟಡದ ರಿಪೇರಿಗೆ ತಕರಾರು ಮಾಡಲಿಲ್ಲ. ಬಾಡಿಗೆಗೆ ಮಾತ್ರ ಪತ್ರ ಬಂತು: ಹಾನಿಯಾದದ್ದು ಒಂದು ಕೋಣೆಗೆ, ಉಳಿದ ಭಾಗದಲ್ಲಿ ವಾಸಿಸಬಹುದಿತ್ತು, ವಾಸಯೋಗ್ಯವಲ್ಲ ಎಂಬುದಕ್ಕೆ ದಾಖಲೆ ಒದಗಿಸಿಲ್ಲ. ಮನೆಯವರ ಹತ್ತಿರ ಅಗ್ನಿಶಾಮಕ ದಳದ ವರದಿ ಇತ್ತು, ಪೊಲೀಸ್ ದೂರಿನ ಪ್ರತಿ ಇತ್ತು, ನೂರಾರು ಫೋಟೊ ಇದ್ದವು. ಬೇಕಾಗಿದ್ದ ಆ ಒಂದು ಪತ್ರ ಇರಲಿಲ್ಲ. ಬೆಂಕಿ ಹತ್ತಿದ್ದು ನಿಜ ಎಂದು ಆ ದಾಖಲೆಗಳೆಲ್ಲ ಹೇಳುತ್ತಿದ್ದವು. ಮನೆಯಲ್ಲಿ ಇರಲಾಗದು ಎಂದು ಯಾವುದೂ ಹೇಳುತ್ತಿರಲಿಲ್ಲ. ಆರ್ಕಿಟೆಕ್ಟ್ ಒಬ್ಬರನ್ನು ಕರೆಸಿ ಬರೆಸಿದ ಮೇಲೆ ವಿಷಯ ಬೇರೆಯಾಯಿತು. ಅವರ ಪತ್ರ ಚಿಕ್ಕದು. ಇಂಥ ತಾರೀಖಿನಿಂದ ಮನೆ ವಾಸಕ್ಕೆ ಯೋಗ್ಯವಲ್ಲ. ಕಾರಣ, ವಿದ್ಯುತ್ ಸಂಪರ್ಕ ಕೊಡಲಾಗದ ಸ್ಥಿತಿ, ಚಾವಣಿಯ ಪರೀಕ್ಷೆ ಬಾಕಿ, ಎಲ್ಲ ಕೋಣೆಗಳಲ್ಲೂ ಹೊಗೆಯ ವಿಷದ ಅಂಶ. ಸರಿಪಡಿಸಲು ಅಂದಾಜು ಇಷ್ಟು ತಿಂಗಳು. ಬಾಡಿಗೆ ಮಂಜೂರಾಯಿತು.

ಹಳ್ಳಿಯ ಕಡೆ ಇದೇ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಬರೆಯುತ್ತಾರೆ. ಸರ್ಕಾರಿ ಪರಿಹಾರದ ನಮೂನೆಗೆ ಬೇಕಾದ ಹಾಗೆ ಮನೆಗೆ ಶೇಕಡಾ ಇಷ್ಟು ಹಾನಿ ಎಂದು ಬರೆದು ಸಹಿ ಹಾಕುತ್ತಾರೆ. ಶೇಕಡಾ 40 ಹಾನಿ ಎಂದರೆ ಉಳಿದ ಶೇಕಡಾ 60ರಲ್ಲಿ ಇರಬಹುದೇ? ಇರಲಾಗದು ಎಂದು ನಮಗೆಲ್ಲ ಗೊತ್ತು. ಹಿಂಬದಿಯ ಗೋಡೆ ಬಿದ್ದ ಮಣ್ಣಿನ ಮನೆಯಲ್ಲಿ ಆ ಮಳೆಯ ರಾತ್ರಿ ಯಾರು ಮಲಗುತ್ತಾರೆ? ಆದರೆ ಕಾಗದ ಅದನ್ನು ಹೇಳುವುದಿಲ್ಲ. ಮಹಜರು ಬರೆಯುವಾಗಲೇ, 'ಮನೆ ವಾಸಕ್ಕೆ ಯೋಗ್ಯವಾಗಿರುವುದಿಲ್ಲ' ಎಂಬ ಒಂದು ಸಾಲನ್ನು ತಾರೀಖಿನೊಂದಿಗೆ ಸೇರಿಸಿ ಎಂದು ವಿನಂತಿಸಿ, ಅಥವಾ ಪಂಚಾಯಿತಿಯಿಂದ ಬೇರೆ ಪತ್ರ ಪಡೆಯಿರಿ. ಆರು ತಿಂಗಳ ಬಾಡಿಗೆ ಈ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಮತ್ತೊಂದು ಬಗೆಯ ಸೋಲನ್ನೂ ನೋಡಿದ್ದೇನೆ. ಮಲೆನಾಡಿನ ಒಂದು ಕುಟುಂಬ ಚಿಕ್ಕಪ್ಪನ ಖಾಲಿ ಮನೆಗೆ ಹೋಗಿ, ಬಾಡಿಗೆಯನ್ನು ತಿಂಗಳು ತಿಂಗಳು ನಗದಾಗಿ ಕೊಟ್ಟಿತು. ಕರಾರು ಪತ್ರ ಇಲ್ಲ, ರಶೀದಿ ಇಲ್ಲ. ಚಿಕ್ಕಪ್ಪನ ಹತ್ತಿರ ರಶೀದಿ ಕೇಳುವುದು ಹೇಗೆ ಎಂಬ ಸಂಕೋಚ. ಕ್ಲೇಮು ಹಾಕಿದಾಗ ತೋರಿಸಲು ಏನೂ ಇರಲಿಲ್ಲ, ಕಂಪನಿ ಕೊಡಲಿಲ್ಲ. ನನಗೆ ಬಹಳ ನೋವಾದ ಪ್ರಕರಣ ಅದು, ಏಕೆಂದರೆ ಆ ಕುಟುಂಬ ಒಂದು ಸುಳ್ಳನ್ನೂ ಹೇಳಿರಲಿಲ್ಲ. ನೆಂಟರ ಮನೆಯಾದರೂ ಕರಾರು ಪತ್ರ ಮಾಡಿಕೊಳ್ಳಿ, ಬಾಡಿಗೆಯನ್ನು ಬ್ಯಾಂಕ್ ಖಾತೆಗೆ ಹಾಕಿ. ಚಿಕ್ಕಪ್ಪ ಬೇಸರ ಮಾಡಿಕೊಳ್ಳುವುದಿಲ್ಲ. ಕಾರಣ ಹೇಳಿದರೆ ಅವರೇ ಸಹಿ ಹಾಕುತ್ತಾರೆ.

ಇಷ್ಟೆಲ್ಲ ಸರಿಯಾಗಿದ್ದೂ ಕಂಪನಿ ಕೊಡದಿದ್ದರೆ? ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರವಣಿಗೆಯಲ್ಲಿ ದೂರು. ಅವರು ತಿರಸ್ಕರಿಸಿದರೆ ಅಥವಾ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ವಿಮಾ ಲೋಕಪಾಲರ ಬಳಿಗೆ ಹೋಗಬಹುದು. ಅವರ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಒಂದು ವರ್ಷದೊಳಗೆ ಹೋಗಬೇಕು. "ಕಂಪನಿ ಕೊಡುವುದಿಲ್ಲ" ಎಂದವರಲ್ಲಿ ಲೋಕಪಾಲರ ಬಾಗಿಲು ತಟ್ಟಿದವರು ಬಹಳ ವಿರಳ. ಕಂಪನಿಯ ಮೊದಲ ಪತ್ರವನ್ನೇ ಕೊನೆಯ ತೀರ್ಪು ಎಂದು ಒಪ್ಪಿಕೊಂಡು ಮನೆಗೆ ಬರುವುದು ನಮ್ಮ ಅಭ್ಯಾಸ. ಈ ಅಭ್ಯಾಸದಿಂದ ಲಾಭವಾಗುವುದು ಯಾರಿಗೆ ಎಂಬುದನ್ನು ಯೋಚಿಸಬೇಕು.

"ಪ್ರೀಮಿಯಂ ಕಟ್ಟುವ ಬದಲು ಆ ದುಡ್ಡನ್ನು ಎಫ್‌ಡಿ ಇಡುತ್ತೇನೆ" ಎನ್ನುವವರಿಗೆ ಉತ್ತರ ಸುಲಭ. ಖಾಲಿ ಇರುವ ಎರಡನೆಯ ಮನೆ ಇದ್ದವರು, ಎರಡು ವರ್ಷದ ಬಾಡಿಗೆ ಬ್ಯಾಂಕಿನಲ್ಲಿ ಇದ್ದವರು ಬಾಡಿಗೆಯ ಕವರ್ ಇಲ್ಲದೆಯೂ ಬದುಕಬಹುದು. ಅವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಉಳಿದವರು ಲೆಕ್ಕ ಹಾಕಲಿ. 50 ಲಕ್ಷ ಖರ್ಚಿನ ಕಟ್ಟಡಕ್ಕೆ ಗೃಹ ರಕ್ಷಾದ ವರ್ಷದ ಪ್ರೀಮಿಯಂ ಕೆಲವೇ ಸಾವಿರ ರೂಪಾಯಿ. ಇಲ್ಲಿ ಗಮನಿಸಬೇಕಾದದ್ದು, ವಿಮೆ ನಿವೇಶನದ ಬೆಲೆಗಲ್ಲ. ಕಾರ್ಪೆಟ್ ಏರಿಯಾವನ್ನು ಈಗಿನ ನಿರ್ಮಾಣ ವೆಚ್ಚದಿಂದ ಗುಣಿಸಿದ ಮೊತ್ತಕ್ಕೆ. ಒಂದೂವರೆ ಕೋಟಿಯ ಮನೆ ಎಂದು ಹೆದರಿ ವಿಮೆಯನ್ನೇ ಬಿಡುವವರ ಮನೆಯಲ್ಲಿ ಬಹಳ ಸಲ ಮುಕ್ಕಾಲು ಪಾಲು ಬೆಲೆ ಮಣ್ಣಿನದಾಗಿರುತ್ತದೆ. ವರ್ಷಕ್ಕೆ ಕೆಲವು ಸಾವಿರ ಎಫ್‌ಡಿ ಇಟ್ಟು ಒಂದು ವರ್ಷದ ಬಾಡಿಗೆಯಷ್ಟು ಗಂಟು ಮಾಡಲು ಎಷ್ಟು ದಶಕ ಬೇಕು, ಆ ದಶಕಗಳವರೆಗೆ ಬೆಂಕಿ ಕಾಯುತ್ತದೆಯೇ?

ಮನೆ ಸುಡುತ್ತದೆ ಎಂದು ಮುಂಚೆಯೇ ಮಾತಾಡುವುದು ಅಶುಭ ಎನ್ನುವ ಹಿರಿಯರಿಗೆ ನಾನು ವಾದ ಮಾಡುವುದಿಲ್ಲ. ಗೃಹಪ್ರವೇಶದ ದಿನ ವಾಸ್ತು ಹೋಮ ಮಾಡಿಸುವುದೂ ಕೆಡುಕು ಬಾರದಿರಲಿ ಎಂದೇ.

ಕಂಪನಿಗಳ ಕಡೆಯಿಂದಲೂ ಒಂದು ಆಕ್ಷೇಪ ಬಂದಿದೆ, ಅದನ್ನು ಬಿಡುವುದು ಸರಿಯಲ್ಲ. "ಬಾಡಿಗೆ ಸಿಗುತ್ತದೆ ಎಂದರೆ ಜನ ರಿಪೇರಿಯನ್ನು ಎಳೆಯುತ್ತಾರೆ, ದೊಡ್ಡ ಮನೆ ಹಿಡಿಯುತ್ತಾರೆ." ಎಳೆಯುವವರು ಕೆಲವರು ಇರಬಹುದು. ಅದಕ್ಕಾಗಿಯೇ ಪಾಲಿಸಿಯಲ್ಲಿ ಮಿತಿಗಳಿವೆ. ನಿಮ್ಮ ಮನೆಯ ಮಟ್ಟದ ಮನೆ ಎಂದಿದೆ, ಮೂರು ಕೋಣೆಯವರು ವಿಲ್ಲಾ ಹಿಡಿದರೆ ಸಿಗುವುದಿಲ್ಲ. ರಿಪೇರಿಗೆ ನ್ಯಾಯವಾಗಿ ಬೇಕಾದ ಕಾಲ ಎಂದಿದೆ; ಆ ಕಾಲ ಎಷ್ಟೆಂದು ಹೇಳುವವರು ಮನೆಯವರಲ್ಲ, ಸರ್ವೇಯರ್. ಸ್ವಂತ ಮನೆಗೆ ವಾಪಸ್ ಹೋಗಲು ಯಾರಿಗೆ ಆತುರವಿರುವುದಿಲ್ಲ? ನಾನು ಕಂಡ ವಿಳಂಬಗಳಲ್ಲಿ ಹೆಚ್ಚಿನವು ಕ್ಲೇಮಿನ ಹಣ ತಡವಾಗಿ ಬಂದದ್ದರಿಂದ ಆದವು. ಕಂಪನಿ ಬೇಗ ಹಣ ಬಿಡುಗಡೆ ಮಾಡಿದಷ್ಟೂ ಬಾಡಿಗೆಯ ಹೊರೆ ಕಂಪನಿಗೇ ಕಡಿಮೆ.

ಕೊನೆಯ ಆಕ್ಷೇಪ ನನಗೆ ಅತ್ಯಂತ ಗೌರವವಿರುವ ಆಕ್ಷೇಪ, ಅದರ ಬಹುಭಾಗವನ್ನು ಒಪ್ಪುತ್ತೇನೆ. "ಈ ಕವರ್ ಅರೆಬರೆ. ಬಾಡಿಗೆ ಬಿಟ್ಟು ಬೇರೆ ಖರ್ಚು ಕೊಡುವುದಿಲ್ಲ. ಮನೆ ಬೀಳದೆ ಬರೀ ಖಾಲಿ ಮಾಡಿಸಿದರೆ ಏನೂ ಕೊಡುವುದಿಲ್ಲ."

ನಿಜ. ಮನೆ ಬಿಟ್ಟ ಕುಟುಂಬಕ್ಕೆ ಬಾಡಿಗೆಯೊಂದೇ ಖರ್ಚಲ್ಲ. ಸಾಮಾನು ಸಾಗಿಸುವ ಲಾರಿ, ಅಡುಗೆಮನೆ ಇಲ್ಲದ ದಿನಗಳ ಹೋಟೆಲ್ ಊಟ, ದೂರವಾದ ಸ್ಕೂಲಿಗೆ ಆಟೊ, ಮನೆ ಸಿಗುವವರೆಗೆ ಲಾಡ್ಜು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಯಮಲೂರು ಭಾಗ ಮುಳುಗಿ ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರಬಂದಾಗ ಸುತ್ತಲ ಹೋಟೆಲುಗಳ ದರ ಹಲವು ಪಟ್ಟು ಏರಿದ್ದನ್ನು ಇಡೀ ಊರು ನೋಡಿತು. ಅಮೆರಿಕದ ಗೃಹ ವಿಮೆಗಳಲ್ಲಿ ಬಾಡಿಗೆ, ಹೋಟೆಲು, ಮಾಮೂಲಿಗಿಂತ ಹೆಚ್ಚಾದ ಊಟದ ಖರ್ಚು ಎಲ್ಲವೂ ಒಂದೇ ಕವರಿನಲ್ಲಿ ಬರುತ್ತವೆ. ಕ್ಯಾಲಿಫೋರ್ನಿಯದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ವಿಪತ್ತಿನಲ್ಲಿ ಮನೆ ಕಳೆದುಕೊಂಡವರಿಗೆ ಕನಿಷ್ಠ 24 ತಿಂಗಳು ಇದು ಸಿಗಬೇಕೆಂದು ಕಾನೂನೇ ಇದೆ. ನಮ್ಮಲ್ಲಿ ಕೆಲವು ಕಂಪನಿಗಳು ಸಾಮಾನು ಸಾಗಣೆ, ತುರ್ತು ಖರೀದಿ ಇತ್ಯಾದಿಗೆ ಹೆಚ್ಚುವರಿ ಕವರ್ ಕೊಡುತ್ತವೆ, ಕೇಳಿ ಸೇರಿಸಿಕೊಳ್ಳಬಹುದು. ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿ ಅವು ಇಲ್ಲ.

ಎರಡನೆಯ ಕೊರತೆ ಇನ್ನೂ ದೊಡ್ಡದು. ಪಾಲಿಸಿಯ ಭಾಷೆಯಲ್ಲಿ ಮನೆಗೆ ಭೌತಿಕ ಹಾನಿ ಆಗಿರಬೇಕು, ಆ ಹಾನಿಯಿಂದ ಮನೆ ವಾಸಕ್ಕೆ ಆಗದಂತಾಗಿರಬೇಕು. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಮನೆಯ ಮೇಲಿನ ಗುಡ್ಡ ಬಾಯಿಬಿಟ್ಟಿದೆ ಎಂದು ಜಿಲ್ಲಾಡಳಿತ ಬಂದು ಖಾಲಿ ಮಾಡಿಸುತ್ತದೆ. ಮನೆಗೆ ಒಂದು ಹೆಂಚೂ ಜಾರಿರುವುದಿಲ್ಲ. ಮಳೆಗಾಲವಿಡೀ ಆ ಕುಟುಂಬ ಹೊರಗಿರಬೇಕು. ಪಾಲಿಸಿಯ ಪ್ರಕಾರ ಅವರಿಗೆ ಒಂದು ರೂಪಾಯಿಯೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ನೀರು ನುಗ್ಗಿದಾಗ ಮೇಲಿನ ಮಹಡಿಗಳ ಫ್ಲ್ಯಾಟುಗಳ ಗೋಡೆ ಒಣಗಿಯೇ ಇತ್ತು, ಅಲ್ಲಿದ್ದವರೂ ದೋಣಿ ಹತ್ತಬೇಕಾಯಿತು. ಅವರ ಬಾಡಿಗೆಗೆ ಕ್ಲೇಮು ಹಾಕಿದರೆ ವಾದಕ್ಕೆ ಎಡೆಯಿದೆ ಅಷ್ಟೆ, ಖಾತರಿಯಿಲ್ಲ. ಕಳಪೆ ಕಟ್ಟಡ ವಾಲಿದೆ ಎಂದು ಪಾಲಿಕೆ ಖಾಲಿ ಮಾಡಿಸಿದರೆ ಅದೂ ಇಲ್ಲ. ನಿರ್ಮಾಣದ ದೋಷ ವಿಮೆಯ ಅಪಾಯಗಳ ಪಟ್ಟಿಯಲ್ಲಿಯೇ ಬರುವುದಿಲ್ಲ.

ಇಷ್ಟನ್ನೂ ಒಪ್ಪಿದ ಮೇಲೆ ನನಗೂ ಆಕ್ಷೇಪಿಸಿದವರಿಗೂ ಭೇದ ಉಳಿಯುವುದು ಒಂದೇ ಕಡೆ. ಅರೆಬರೆ ಇರುವುದರಿಂದ ಬೇಡ ಎನ್ನುತ್ತಾರೆ ಅವರು. ಇರುವ ಅರ್ಧವನ್ನು ಮೊದಲು ಪೂರ್ತಿಯಾಗಿ ಬಳಸೋಣ, ಉಳಿದ ಅರ್ಧವನ್ನು ಕೇಳಿ ಪಡೆಯೋಣ ಎನ್ನುತ್ತೇನೆ ನಾನು. ಯಾರೂ ಕೇಳದ, ಯಾರೂ ಕ್ಲೇಮು ಮಾಡದ ಕವರನ್ನು ಯಾವ ನಿಯಂತ್ರಕನೂ ವಿಸ್ತರಿಸುವುದಿಲ್ಲ. ಐಆರ್‌ಡಿಎಐ ಮಾಡಬೇಕಾದದ್ದು ಎರಡು ತಿದ್ದುಪಡಿ. ಜಿಲ್ಲಾಧಿಕಾರಿ ಅಥವಾ ಸ್ಥಳೀಯ ಸಂಸ್ಥೆಯ ಲಿಖಿತ ಆದೇಶದಿಂದ ಮನೆ ಖಾಲಿ ಮಾಡಿದವರಿಗೆ, ಮನೆಗೆ ಹಾನಿಯಾಗಿರಲಿ ಬಿಡಲಿ, ಆದೇಶ ಜಾರಿಯಲ್ಲಿರುವಷ್ಟು ದಿನ ಒಂದು ಮಿತಿಯೊಳಗೆ ಬಾಡಿಗೆ ಕೊಡುವ ಶರತ್ತು. ಅಮೆರಿಕದ ಪಾಲಿಸಿಗಳಲ್ಲಿ ಇಂಥದ್ದು ಸಾಮಾನ್ಯವಾಗಿ ಎರಡು ವಾರಕ್ಕೆ ಇದೆ. ನಮ್ಮ ಮಲೆನಾಡಿಗೆ ಒಂದು ಮಳೆಗಾಲದ ಅವಧಿ ಬೇಕು. ಇನ್ನೊಂದು, ಮೊದಲ 15 ದಿನದ ಲಾಡ್ಜು, ಊಟ, ಸಾಮಾನು ಸಾಗಣೆಗೆ ಬಿಲ್ಲುಗಳ ತಪಾಸಣೆಯಿಲ್ಲದೆ ಒಂದು ನಿಶ್ಚಿತ ಮೊತ್ತ. ಮನೆಯ ಸಾಮಾನುಗಳಿಗೆ ಪಟ್ಟಿ ಕೊಡದೆಯೂ ಕಟ್ಟಡದ ವಿಮೆಯ ಶೇಕಡಾ 20ರಷ್ಟು, 10 ಲಕ್ಷದ ಮಿತಿಯಲ್ಲಿ ಕವರ್ ಕೊಟ್ಟಿರುವ ಇದೇ ಪಾಲಿಸಿಗೆ ಇಂಥ ಸರಳ ಲೆಕ್ಕ ಹೊಸದೇನೂ ಅಲ್ಲ. ಅಪಾರ್ಟ್‌ಮೆಂಟ್ ಸಂಘಗಳು, ಕೊಡಗು ಮತ್ತು ಮಲೆನಾಡಿನ ಬೆಳೆಗಾರರ ಸಂಘಗಳು, ನೆರೆ ಪೀಡಿತ ತಾಲ್ಲೂಕುಗಳ ಪಂಚಾಯಿತಿಗಳು ಈ ಎರಡು ತಿದ್ದುಪಡಿಗಳನ್ನು ಕೇಳಿ ಪ್ರಾಧಿಕಾರಕ್ಕೆ ಬರೆಯಲಿ. ಆಕ್ಷೇಪಿಸಿದ ಹಿರಿಯರು ಮೊದಲ ಸಹಿ ಹಾಕುವುದಾದರೆ ಕರಡನ್ನು ನಾನು ಬರೆದುಕೊಡುತ್ತೇನೆ.